ಶಾಂತಾ ಹುಬ್ಳೀಕರರ ಮೈನಾ

ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ 1914ರಲ್ಲಿ ಜನಿಸಿ 1992ರಲ್ಲಿ ನಿಧನ ಹೊಂದಿದ ಶಾಂತಾ ಹುಬ್ಳೀಕರರನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಒಂದು ಹಾಡನ್ನು ಹೊಗಳಿ ವಿರಮಿಸುವರು. 1939ರಲ್ಲಿ ಪುಣೆಯ ಪ್ರಭಾತ ಸಂಸ್ಥೆಗಾಗಿ ಶಾಂತಾರಾಮರು ನಿರ್ದೇಶಿಸಿದ ‘ಮಾಣೂಸ’ ಎಂಬ ಮರಾಠೀ ವಾಕ್ಚಿತ್ರದಲ್ಲಿ ವೇಶ್ಯೆ ಮೈನಾ ಹಾಡುವ ಹಾಡದು. ನಾಳಿನ ಮಾತು ಏತಕ್ಕೆಂಬುದು ಅದರ ಭಾವ. ಅದರ ಪಲ್ಲವಿಯನ್ನೇ ನಟಿಯು ತಮ್ಮ ಆತ್ಮಕಥೆಗೆ ಹೆಸರಾಗಿಟ್ಟುದರಿಂದ ಈ ರೂಢಿಗೆ ಅವರ ಒಪ್ಪಿಗೆಯೂ ದೊರೆತಂತಾಯಿತು. ಹೊಗಳಿಕೆ ಸಲ್ಲತಕ್ಕುದೇ. ಆದರೆ ಅದನ್ನು ಬರಿಯ ಗಾನವೆಂದು ಎಣಿಸಿದರೆ ಅಭಿನಯಕ್ಕೆ ಅನ್ಯಾಯವಾದೀತು.

ಆ ಗೀತದಲ್ಲಿ ಹಲವು ಪ್ರಾಂತಗಳ ಭಾಷೆಗಳು ಒಂದಾದ ಮೇಲೊಂದು ಬರುತ್ತವೆ. ಬಂದವರ ನುಡಿಯಲ್ಲಿ ಹಾಡಿ ಕುಣಿಯಬೇಕಾದುದು ಮೈನಾಳ ಜೀವನೋಪಾಯ. ಅವಳ ನಗೆಯಲ್ಲಿ ವಿಲಾಸದೊಡನೆ ಬೇಸರವೂ ಬೆರೆತಿರುವುದನ್ನು ಗಮನಿಸದವರು ಹಾಸ್ಯವನ್ನಷ್ಟೇ ಕಂಡಾರು. ಕನ್ನಡತಿಯಾದ ನಟಿಯೂ ಪರಭಾಷೆಗಳಲ್ಲಿಯೇ ಕೀರ್ತಿ ಗಳಿಸಬೇಕಾಯಿತೆಂಬುದು ಇಲ್ಲಿ ನೆನಪಾಗದಿರದು. ಇದೇ ಚಿತ್ರವು ‘ಆದ್ಮೀ’ ಎಂದು ಹಿಂದಿಯಲ್ಲಿಯೂ ಬಂದಿತು; ಗುಬ್ಬಿ ವೀರಣ್ಣನವರ ಕನ್ನಡದ ‘ಜೀವನ ನಾಟಕ’ದಲ್ಲಿ ಅವರು ಕಾಣಿಸಿಕೊಂಡುದು 1942ರಲ್ಲಿ.

ಪಾತ್ರದ ನಿಜವಾದ ಪರೀಕ್ಷೆಯು ಹಾಡು ಮುಗಿದ ಮೇಲೆಯೇ ಇದೆ. ದುಷ್ಟನಾದ ಮಾವನನ್ನು ಕೊಂದು ಸೆರೆಯಾದ ಮೈನಾಳನ್ನು, ಶಾಹೂ ಮೋಡಕರು ಅಭಿನಯಿಸಿದ ಪೊಲೀಸಿನವನಾದ ಗಣಪತನು ಬಿಡಿಸಲು ಮುಂದಾಗುತ್ತಾನೆ, ಅವಳು ಒಲ್ಲೆನೆನ್ನುತ್ತಾಳೆ. ಅಗ್ಗದ ಕರುಣರಸಕ್ಕೆ ಇಲ್ಲಿ ಅವಕಾಶ ಧಾರಾಳವಾಗಿದ್ದಿತು. ನಟಿಯು ಅದನ್ನು ಮುಟ್ಟಲಿಲ್ಲ. ಎಲ್ಲರ ಭಾಷೆಯನ್ನೂ ಆಡಿದವಳು ಈಗ ತನ್ನದೊಂದೇ ಮಾತನ್ನು ಆಡುತ್ತಾಳೆ, ಅದೂ ನಿರಾಕರಣೆಯ ಮಾತು.