ಹಳೆಯ ಫೈಲನ್ನು ಯಾರೂ ಓದಿ ನೋಡಲಿಲ್ಲ

ಎಸ್‌ಎಸ್‌ಡಿ ಹಾಕಿದ ಲ್ಯಾಪ್‌ಟಾಪ್ ವರ್ಷ ಕಳೆಯುವುದರೊಳಗೆ ತೆವಳತೊಡಗಿದರೆ ರಿಪೇರಿ ಅಂಗಡಿಯಲ್ಲಿ ನಡೆಯುವ ಪೂಜಾವಿಧಿ ಬಹುಮಟ್ಟಿಗೆ ಒಂದೇ. ಡ್ರೈವಿನ ವೇಗ ಅಳೆಯುವ ಬೆಂಚ್‌ಮಾರ್ಕ್ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸುತ್ತಾರೆ. ಮೇಲಿನ ಸಾಲಿನಲ್ಲಿ ಸೆಕೆಂಡಿಗೆ ಐನೂರು ಚಿಲ್ಲರೆ ಎಂಬಿ ಬಂತೋ, ‘ಡ್ರೈವ್ ಚೆನ್ನಾಗೇ ಇದೆ ಸಾರ್, ವಿಂಡೋಸ್ ಹಾಳಾಗಿದೆ’ ಎಂಬ ತೀರ್ಪು. ಆಮೇಲೆ ಫಾರ್ಮ್ಯಾಟ್. ಬೆಂಗಳೂರಿನ ಎಸ್.ಪಿ. ರೋಡಾಗಲಿ, ತಾಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕದ ಮಳಿಗೆಯಾಗಲಿ, ಕ್ರಮದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ವಿಚಿತ್ರವೆಂದರೆ, ಮಷೀನು ನಿಜವಾಗಿಯೂ ಚುರುಕಾಗಿಬಿಡುತ್ತದೆ. ಕೆಲವು ತಿಂಗಳಾದ ಮೇಲೆ ಅದೇ ಗಿರಾಕಿ, ಅದೇ ಬ್ಯಾಗು, ಅದೇ ದೂರು.

ಇಲ್ಲಿ ವಿಮರ್ಶೆಗೆ ಒಳಪಡಬೇಕಾದದ್ದು ಡ್ರೈವಲ್ಲ, ಅದನ್ನು ಪರೀಕ್ಷಿಸುವ ಈ ಪದ್ಧತಿ. ಅದು ಎಲ್ಲಿ ಎಡವುತ್ತದೆ ಎಂಬುದಕ್ಕೆ ಸ್ಯಾಮ್‌ಸಂಗ್ 840 ಎವೊ ಪ್ರಕರಣಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ.

2013ರಲ್ಲಿ ಮಾರುಕಟ್ಟೆಗೆ ಬಂದ ಈ ಡ್ರೈವು ಸೆಕೆಂಡಿಗೆ 540 ಎಂಬಿ ಓದುತ್ತೇನೆಂದು ಹೇಳಿಕೊಂಡಿತ್ತು. ಪರೀಕ್ಷೆಗೆ ಹಚ್ಚಿದವರಿಗೆ ಆ ಮಾತು ಸುಳ್ಳೆನಿಸಲಿಲ್ಲ. ಬೆಲೆಯೂ ಕೈಗೆಟುಕುವಂತಿತ್ತು. ಹಳೇ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಕಿತ್ತು ಇದನ್ನು ಕೂರಿಸಿದವರು ಲೆಕ್ಕವಿಲ್ಲದಷ್ಟು ಮಂದಿ. 2014ರ ಹೊತ್ತಿಗೆ ಅವರಲ್ಲಿ ಕೆಲವರು ಒಂದು ಸಂಗತಿ ಗಮನಿಸಿದರು. ನಿನ್ನೆ ಮೊನ್ನೆ ಇಳಿಸಿಕೊಂಡ ಫೈಲು ಬಾಣದಂತೆ ತೆರೆದುಕೊಳ್ಳುತ್ತದೆ. ತಿಂಗಳುಗಳ ಹಿಂದೆ ಬರೆದಿಟ್ಟು ಮತ್ತೆ ಮುಟ್ಟದ ಫೈಲು ಮಾತ್ರ ಹಾರ್ಡ್‌ಡಿಸ್ಕಿಗಿಂತ ಕಡೆಯಾಗಿ, ಸೆಕೆಂಡಿಗೆ 100 ಎಂಬಿಯೂ ಮುಟ್ಟದೆ ಏದುಸಿರು ಬಿಡುತ್ತದೆ.

ಬೆಂಚ್‌ಮಾರ್ಕಿಗೆ ಇದು ಕಾಣಲೇ ಇಲ್ಲ. ಕಾಣುವ ಹಾಗೂ ಇರಲಿಲ್ಲ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಮಾಡುವುದೇನು? ತಾನೇ ಒಂದು ಪರೀಕ್ಷಾ ಫೈಲು ಬರೆಯುತ್ತದೆ, ಸಾಮಾನ್ಯವಾಗಿ 1 ಜಿಬಿಯದು. ಬರೆದದ್ದನ್ನು ತಕ್ಷಣ ತಾನೇ ಓದುತ್ತದೆ, ವೇಗ ತೋರಿಸುತ್ತದೆ, ಅಳಿಸಿ ಹೊರಡುತ್ತದೆ. ಆ ಡೇಟಾದ ವಯಸ್ಸು ಹೆಚ್ಚೆಂದರೆ ಒಂದೆರಡು ನಿಮಿಷ. ನೆನಪಿನ ಶಕ್ತಿ ಪರೀಕ್ಷಿಸಲು ಬಂದವರು ಅಜ್ಜನಿಗೆ ಈಗಷ್ಟೇ ಹೇಳಿದ ಮಾತನ್ನೇ ಕೇಳಿ ನೂರಕ್ಕೆ ನೂರು ಅಂಕ ಕೊಟ್ಟ ಹಾಗೆ. ಡಬ್ಬ ಒಡೆದ ಹೊಸ ಡ್ರೈವಿನ ಮೇಲೆ ಪರೀಕ್ಷೆ ನಡೆಸಿ ಹೊಗಳಿದ ವಿಮರ್ಶಕರಿಗೂ ಇದೇ ಗತಿಯಾಯಿತು.

ಗುಟ್ಟು ಹೊರಬಿದ್ದದ್ದು ಎಚ್‌ಡಿ ಟ್ಯೂನ್‌ನಂಥ ಹಳೇ ಕಾಲದ ತಂತ್ರಾಂಶಗಳಿಂದ. ಅವು ಏನನ್ನೂ ಬರೆಯದೆ, ಡ್ರೈವಿನಲ್ಲಿ ಇರುವುದನ್ನೇ ತಲೆಯಿಂದ ಬಾಲದವರೆಗೆ ಓದುತ್ತಾ ಗ್ರಾಫ್ ಎಳೆಯುತ್ತವೆ. ಆರೋಗ್ಯವಂತ ಎಸ್‌ಎಸ್‌ಡಿಯ ಗ್ರಾಫು ಟೇಬಲ್ಲಿನ ಅಂಚಿನಂತೆ ನೇರವಾಗಿರಬೇಕು. ಎವೊ ಗ್ರಾಫು ಮಳೆಗಾಲ ಮುಗಿದ ರಸ್ತೆಯಂತಿತ್ತು: ಹೊಸ ಡೇಟಾ ಇದ್ದ ಕಡೆ ಮಟ್ಟಸ, ಹಳೆಯದಿದ್ದ ಕಡೆ ಗುಂಡಿ.

ಗುಂಡಿ ಬಿದ್ದದ್ದು ಭೌತಶಾಸ್ತ್ರದ ಕಾರಣದಿಂದ. ಎವೊದ ಒಂದೊಂದು ಮೆಮೊರಿ ಕೋಶದಲ್ಲೂ ಮೂರು ಬಿಟ್ ತುಂಬಿದ್ದರು. ಅಂದರೆ ಅಷ್ಟು ಪುಟ್ಟ ಜಾಗದಲ್ಲಿ ವಿದ್ಯುದಂಶದ ಎಂಟು ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಕೋಶಗಳೋ 19 ನ್ಯಾನೊಮೀಟರ್ ತಂತ್ರದವು, ಹಿಡಿದಿಡುವ ಎಲೆಕ್ಟ್ರಾನುಗಳೇ ಕಡಿಮೆ. ದಿನ ಕಳೆದಂತೆ ಅವು ಒಂದಿಷ್ಟು ಸೋರುತ್ತವೆ, ಐದನೇ ಮಟ್ಟ ನಾಲ್ಕರತ್ತ ಜಾರುತ್ತದೆ. ಡ್ರೈವನ್ನು ನಡೆಸುವ ಚಿಪ್ಪಾದ ಕಂಟ್ರೋಲರ್ ಓದುತ್ತದೆ, ತಪ್ಪು ಬರುತ್ತದೆ. ಅಳತೆಗೋಲನ್ನು ಕೊಂಚ ಸರಿಸಿ ಮತ್ತೆ ಓದುತ್ತದೆ, ಮತ್ತೆ ತಪ್ಪು, ಮತ್ತೆ ಓದು. ಡೇಟಾ ಕಳೆದುಹೋಗುವುದಿಲ್ಲ, ಸಮಯ ಹೋಗುತ್ತದೆ. ಕನ್ನಡಕ ಮರೆತು ಬಂದವರು ಬಸ್ಸಿನ ಬೋರ್ಡನ್ನು ಮೂರು ಸಲ ಕಣ್ಣು ಕಿರಿದು ಮಾಡಿ ಓದುವಂತೆ.

ಸ್ಯಾಮ್‌ಸಂಗ್ 2014ರ ಸೆಪ್ಟೆಂಬರಿನಲ್ಲಿ ತೊಂದರೆಯನ್ನು ಒಪ್ಪಿಕೊಂಡು, ಅಕ್ಟೋಬರಿನಲ್ಲಿ ಹೊಸ ಫರ್ಮ್‌ವೇರ್ (ಡ್ರೈವಿನೊಳಗಿನ ತಂತ್ರಾಂಶ) ಜೊತೆಗೆ ಒಂದು ಪರಿಹಾರ ಸಾಧನವನ್ನೂ ಬಿಟ್ಟಿತು. ಅದು ಮಾಡುತ್ತಿದ್ದ ಮುಖ್ಯ ಕೆಲಸ: ಡ್ರೈವಿನ ಡೇಟಾವನ್ನೆಲ್ಲ ಮತ್ತೊಮ್ಮೆ ಬರೆಯುವುದು. ವೇಗ ಮರಳಿತು. 2015ರ ಆರಂಭದಲ್ಲಿ ರೋಗವೂ ಮರಳಿತು. ಏಪ್ರಿಲ್‌ನಲ್ಲಿ ಎರಡನೇ ಫರ್ಮ್‌ವೇರ್ ಬಂತು. ಈ ಸಲ ಡ್ರೈವು ಬಿಡುವಾಗಿದ್ದಾಗ ಹಳೇ ಡೇಟಾವನ್ನು ತಾನಾಗಿಯೇ ಮತ್ತೆ ಬರೆದುಕೊಳ್ಳುವ ಏರ್ಪಾಡು ಮಾಡಿದ್ದರು. ಮದ್ದು ಕೆಲಸ ಮಾಡಿತು ಎನ್ನಲು ಅಡ್ಡಿಯಿಲ್ಲ. ಆದರೆ ಇದು ಸೋರುವ ಮಡಕೆಗೆ ಆಗಾಗ ನೀರು ಹೊಯ್ಯುವ ಚಿಕಿತ್ಸೆ, ಮಡಕೆ ಬದಲಿಸಿದ್ದಲ್ಲ. ಪ್ರತಿ ಮರುಬರಹವೂ ಕೋಶವನ್ನು ಕೂದಲೆಳೆಯಷ್ಟಾದರೂ ಸವೆಸುತ್ತದೆ. ಬೀರುವಿನಲ್ಲಿ ಆರಿಸಿಟ್ಟ ಲ್ಯಾಪ್‌ಟಾಪಿಗೆ ಈ ಚಿಕಿತ್ಸೆ ತಲುಪುವುದೇ ಇಲ್ಲ. ಮಡಕೆ ನಿಜವಾಗಿ ಬದಲಾದದ್ದು 2014ರ ಡಿಸೆಂಬರಿನಲ್ಲಿ, ಕೋಶಗಳನ್ನು ದಪ್ಪ ಮಾಡಿ ಮಹಡಿಯ ಮೇಲೆ ಮಹಡಿ ಜೋಡಿಸಿದ 850 ಎವೊ ಬಂದಾಗ.

ಈಗ ಅಂಗಡಿಯ ಫಾರ್ಮ್ಯಾಟಿನ ಪವಾಡ ಬಿಡಿಸಿಕೊಳ್ಳುತ್ತದೆ. ವಿಂಡೋಸ್ ಹೊಸದಾಗಿ ಹಾಕಿದಾಗ ಪ್ರತಿ ಫೈಲೂ ಹೊಸದಾಗಿ ಬರೆಯಲ್ಪಡುತ್ತದೆ. ಎವೊ ಇಟ್ಟುಕೊಂಡು ಫಾರ್ಮ್ಯಾಟ್ ಮಾಡಿಸಿದವರಿಗೆ ಸಿಕ್ಕಿದ್ದು ಕಂಪನಿಯ ಅಕ್ಟೋಬರ್ ಮದ್ದೇ, ಬೇರೆ ಹೆಸರಿನಲ್ಲಿ.

ಫಾರ್ಮ್ಯಾಟ್ ವಾಸಿಮಾಡುವ ಕಾಯಿಲೆ ಇದೊಂದೇ ಅಲ್ಲ. ಅದಕ್ಕೇ ಅದು ಇಷ್ಟು ಜನಪ್ರಿಯ, ಅದಕ್ಕೇ ಇಷ್ಟು ದಾರಿತಪ್ಪಿಸುವಂಥದ್ದು. 2018ರಲ್ಲಿ ಬಂದ ಇಂಟೆಲ್ 660ಪಿ ಡ್ರೈವನ್ನೇ ನೋಡಬಹುದು. ಕೋಶಕ್ಕೆ ನಾಲ್ಕು ಬಿಟ್ ತುಂಬುವ ಇದರ ಸ್ವಂತ ಬರೆಯುವ ವೇಗ ಸೆಕೆಂಡಿಗೆ ಸುಮಾರು 100 ಎಂಬಿ. ಆ ಬಡತನ ಮುಚ್ಚಲು ಒಂದಷ್ಟು ಜಾಗವನ್ನು ವೇಗದ ಕ್ಯಾಶ್ ಮಾಡಿಟ್ಟಿದ್ದಾರೆ. 1 ಟಿಬಿ ಮಾದರಿ ಖಾಲಿ ಇದ್ದಾಗ ಈ ಕ್ಯಾಶ್ ಸುಮಾರು 140 ಜಿಬಿ. ಡ್ರೈವು ತುಂಬುತ್ತಾ ಬಂದಂತೆ ಕುಗ್ಗಿ ಕುಗ್ಗಿ 12 ಜಿಬಿಗೆ ಇಳಿಯುತ್ತದೆ. ಮದುವೆಯ ವಿಡಿಯೊ 40 ಜಿಬಿ ಕಾಪಿಗೆ ಹಾಕಿ ಕೂತವರಿಗೆ ಅರ್ಧದಾರಿಯಲ್ಲಿ ಗಾಡಿ ಬ್ರೇಕ್ ಹಿಡಿದಂತೆ ಅನಿಸುವುದು ಇದರಿಂದಲೇ. ಬೆಂಚ್‌ಮಾರ್ಕಿನ 1 ಜಿಬಿ ಫೈಲು ಮಾತ್ರ ಯಾವಾಗಲೂ ಕ್ಯಾಶಿನೊಳಗೇ ಆಡಿ ಬರುತ್ತದೆ, ಡ್ರೈವು ಮತ್ತೆ ಪಾಸು. ಫಾರ್ಮ್ಯಾಟ್ ಮಾಡಿದರೆ ಡ್ರೈವು ಬರಿದಾಗಿ ಕ್ಯಾಶ್ ಮತ್ತೆ ಹಿಗ್ಗುತ್ತದೆ. ಹಳೇ ಫೋಟೊ, ಸಿನಿಮಾಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದ್ದರೂ ಇದೇ ಫಲ ಸಿಗುತ್ತಿತ್ತು.

ಹಾಗೆಂದು ಬೆಂಚ್‌ಮಾರ್ಕನ್ನು ಪೂರ್ತಿ ತೆಗೆದುಹಾಕುವುದೂ ಅನ್ಯಾಯ. ಹೊಸ, ವೇಗದ ಎನ್‌ವಿಎಂಇ ಸಂಪರ್ಕದ್ದಲ್ಲದ, ಎವೊದಂಥ ಹಳೇ ಸಾಟಾ ಸಂಪರ್ಕದ ಡ್ರೈವು 550ರ ಬದಲು 270, 280ಕ್ಕೆ ನಿಂತರೆ ತಪ್ಪು ಡ್ರೈವಿನದಲ್ಲ. ಲ್ಯಾಪ್‌ಟಾಪಿನ ಪೋರ್ಟು ಹಿಂದಿನ ತಲೆಮಾರಿನದು ಎಂದು ಆ ಅಂಕಿಯೇ ಹೇಳಿಬಿಡುತ್ತದೆ. ತೆಳ್ಳನೆ ಲ್ಯಾಪ್‌ಟಾಪಿನ ಎನ್‌ವಿಎಂಇ ಡ್ರೈವು ಮೊದಲ ಸುತ್ತಿನಲ್ಲಿ 3,000 ದಾಟಿ, ನಾಲ್ಕನೇ ಸುತ್ತಿಗೆ ಕುಸಿದರೆ ಕೈಯಿಟ್ಟು ನೋಡಬೇಕಾದದ್ದು ಕೆಳಗಿನ ತಗಡನ್ನು. ಬಿಸಿಯೇರಿದ ಕಂಟ್ರೋಲರ್ ತಾನಾಗಿ ವೇಗ ತಗ್ಗಿಸಿಕೊಂಡಿರುತ್ತದೆ. ಗಿರಾಕಿಗೆ ತೋರಿಸುವ ಮೇಲಿನ ಸಾಲಿಗಿಂತ, ಯಾರೂ ನೋಡದ ಕೊನೆಯ ಸಾಲೇ ಪ್ರಾಮಾಣಿಕ. ಅಲ್ಲಿ 4 ಕೆಬಿಯ ಚೂರುಗಳನ್ನು ಒಂದೊಂದಾಗಿ, ಎಲ್ಲೆಲ್ಲಿಂದಲೋ ಓದಿಸುತ್ತಾರೆ. ಮೇಲೆ ಮೂರು ಸಾವಿರ ತೋರುವ ಡ್ರೈವೂ ಇಲ್ಲಿ ಐವತ್ತು ಅರವತ್ತಕ್ಕೆ ಬಂದು ಕೂರುತ್ತದೆ. ವಿಂಡೋಸ್ ಏಳುವಾಗ, ಬ್ರೌಸರ್ ತೆರೆಯುವಾಗ ನಡೆಯುವ ಓದು ಹೆಚ್ಚಾಗಿ ಈ ಜಾತಿಯದು.

‘ವಿಂಡೋಸ್ ಹಾಳಾಗಿದೆ’ ಎಂಬ ಅಂಗಡಿಯ ತೀರ್ಪು ಒಮ್ಮೆಯಾದರೂ ಅಕ್ಷರಶಃ ನಿಜವಾಗಿತ್ತು, ಅದನ್ನೂ ಹೇಳಬೇಕು. 2021ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 11, ಡಿಸ್ಕಿಗೆ ಬರೆಯುವ ಪ್ರತಿ ಸಲವೂ ಬೇಡದ ಕೆಲಸ ಮಾಡಿ ಡ್ರೈವುಗಳನ್ನು ಎಳೆದಾಡಿಸುತ್ತಿತ್ತು. ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡು ಆ ವರ್ಷ ಮುಗಿಯುವುದರೊಳಗೆ ಅಪ್‌ಡೇಟ್ ಕೊಟ್ಟಿತು. ಅದಕ್ಕೆ ಫಾರ್ಮ್ಯಾಟ್ ಬೇಕಿರಲಿಲ್ಲ.

ಈ ಪದ್ಧತಿಗೆ ಸೇರಬೇಕಾದ ಪರೀಕ್ಷೆಗೆ ಖರ್ಚಿಲ್ಲ. ವರ್ಷದಿಂದ ಮುಟ್ಟದ 2 ಜಿಬಿಯ ಒಂದು ವಿಡಿಯೊ ಹುಡುಕಿ, ಸೆವೆನ್‌ಜಿಪ್ ತಂತ್ರಾಂಶದ ರೈಟ್‌ಕ್ಲಿಕ್ ಮೆನುವಿನಲ್ಲಿ ಸಿಆರ್‌ಸಿ-32 ಒತ್ತಿದರೆ ಅದು ಫೈಲನ್ನು ಆದ್ಯಂತ ಓದುತ್ತದೆ. ಸಾಟಾ ಡ್ರೈವಾದರೆ ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಬೇಕು. ನಲವತ್ತು ಹಿಡಿದರೆ ಅದೇ ವಿಡಿಯೊದ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯನ್ನೂ ಹೀಗೇ ಓದಿಸಿ ಹೋಲಿಸಬೇಕು: ಪ್ರತಿ ಬೇಗ ಮುಗಿದರೆ ತೊಂದರೆ ಡೇಟಾದ ವಯಸ್ಸಿನದು. ನಡುವೆ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಲು ಮರೆಯುವಂತಿಲ್ಲ. ಮರೆತರೆ ವಿಂಡೋಸ್ ಆ ಫೈಲನ್ನು ಡ್ರೈವಿನಿಂದ ತರದೆ ರ್‍ಯಾಮ್‌ನಿಂದಲೇ ಎತ್ತಿಕೊಟ್ಟು, ಡ್ರೈವಿಗೆ ಇನ್ನೊಮ್ಮೆ ನೂರಕ್ಕೆ ನೂರು ಕೊಡಿಸಿಬಿಡುತ್ತದೆ.