ತಿಳಿದು ಕೊಡುವ ಒಪ್ಪಿಗೆ

ವಿವಾಹಕ್ಕೆ ಮುನ್ನ ನಾವು ಗುರುಗಳು ವಧುವನ್ನೂ ವರನನ್ನೂ ಬೇರೆಬೇರೆಯಾಗಿ ಕೂರಿಸಿ ವಿಚಾರಿಸುವುದನ್ನು ಓದುಗರು ಬಲ್ಲರು. ಅರಿವಿಲ್ಲದ ಒಪ್ಪಿಗೆ, ಬಲವಂತದ ಒಪ್ಪಿಗೆ, ಎರಡೂ ಒಪ್ಪಿಗೆಯಲ್ಲ ಎಂಬುದು ಧರ್ಮಸಭೆಯ ಹಳೆಯ ತಿಳಿವಳಿಕೆ. ಗರ್ಭಪಾತವನ್ನು ಕುರಿತು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯವು ಮಾಡಿದ ಕಾನೂನನ್ನು ಇದೇ ಅಳತೆಗೋಲಿನಿಂದ ನೋಡಬೇಕೆಂದು ನನಗೆ ತೋರುತ್ತದೆ.

1982ರ ಆ ಕಾನೂನಿನ ತಿಳಿವಳಿಕೆಯ ನಿಯಮಗಳನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ತಳ್ಳಿಹಾಕಿತು. ಗವರ್ನರ್ ರಾಬರ್ಟ್ ಕೇಸಿಯವರ ಕಾಲದಲ್ಲಿ, 1988 ಮತ್ತು 1989ರಲ್ಲಿ, ಅದು ತಿದ್ದುಪಡಿಗೊಂಡಿತು. (ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ, ಜನರೇ ಆರಿಸಿದವರು, ಕೇಸಿಯವರು ಕಥೋಲಿಕರು.) ಗರ್ಭಪಾತಕ್ಕೆ ಕನಿಷ್ಠ 24 ಗಂಟೆ ಮೊದಲು ವೈದ್ಯರು ಅದರ ಸ್ವರೂಪವನ್ನೂ ಅಪಾಯಗಳನ್ನೂ ಗರ್ಭದ ವಯಸ್ಸನ್ನೂ ತಾವೇ ಬಾಯಿಮಾತಿನಲ್ಲಿ ತಿಳಿಸಬೇಕು, ತುರ್ತುಸ್ಥಿತಿಗೆ ವಿನಾಯಿತಿ ಉಂಟು. ಮಾಹಿತಿಯು ಸತ್ಯವಾಗಿದ್ದು ದಾರಿತಪ್ಪಿಸದಿದ್ದರೆ ತಪ್ಪಿಲ್ಲವೆಂದು 1992ರ ಜೂನ್ 29ರಂದು ಅದೇ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು.

ನನ್ನ ಆಕ್ಷೇಪ ತಿಳಿಸುವುದರ ಬಗ್ಗೆ ಅಲ್ಲ, ತಿಳಿಸುವ ಕ್ರಮದ ಬಗ್ಗೆ. ಹೆರಿಗೆಯ ಖರ್ಚಿಗೆ ಸರ್ಕಾರದ ನೆರವು ದೊರೆಯಬಹುದು, ಮಗುವಿನ ಪೋಷಣೆಗೆ ತಂದೆಯೂ ಹೊಣೆಗಾರ ಎಂಬುದನ್ನು ಆಕೆಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಕೈಚೆಲ್ಲಿ ಕುಳಿತ ಬಡ ಹೆಣ್ಣುಮಗಳಿಗೆ ಇವು ದೊಡ್ಡ ಮಾತುಗಳು. ಆದರೆ ಭ್ರೂಣದ ಬೆಳವಣಿಗೆಯ ವಿವರ ಮತ್ತು ನೆರವಾಗುವ ಸಂಸ್ಥೆಗಳ ಪಟ್ಟಿ ಇರುವುದು ರಾಜ್ಯವು ಮುದ್ರಿಸಿದ ಪುಸ್ತಿಕೆಯಲ್ಲಿ. ಆಕೆ ಕೇಳಿದರೆ ಅದನ್ನು ಕೊಡಬೇಕು. ಭಯದಲ್ಲಿರುವವರು ಕೇಳುವುದು ಕಡಿಮೆ. ಪುಸ್ತಿಕೆ ಕೈಗೆ ಬಂದರೂ ಅದರಲ್ಲಿನ ವಿಳಾಸದಲ್ಲಿ ಬಾಗಿಲು ತೆರೆಯುವವರು ಬೇಕಲ್ಲ! ಆ 24 ಗಂಟೆಗಳ ಕಾಯುವಿಕೆಯೂ ದೂರದಿಂದ ಬಂದ ಕೂಲಿಯವಳಿಗೆ ಇನ್ನೊಂದು ದಿನದ ಸಂಬಳದ ನಷ್ಟವೇ ಆಗಬಹುದು. ಕೆಡುಕನ್ನು ಪೂರ್ಣವಾಗಿ ತಡೆಯಲಾಗದಿದ್ದಾಗ ಅದನ್ನು ತಗ್ಗಿಸುವ ಕಾನೂನಿಗೆ ಶಾಸಕರು ಬೆಂಬಲ ನೀಡಬಹುದೆಂದು ಪೋಪ್ ಎರಡನೇ ಜಾನ್ ಪೌಲರು 1995ರ ಪರಿಪತ್ರದಲ್ಲಿ ಬರೆದರು. ಆ ಬೆಂಬಲ ನನ್ನದೂ ಹೌದು. ಆದರೆ ಕಾಗದ ಕೊಟ್ಟು ಕೈತೊಳೆದುಕೊಳ್ಳುವುದಕ್ಕೆ ಅದನ್ನು ನೆಪವಾಗಿಸಬಾರದು.

ಅದೇ ತೀರ್ಪು ಒಂದು ಕಲಮನ್ನು ರದ್ದುಮಾಡಿತು: ವಿವಾಹಿತೆಯು ಗಂಡನಿಗೆ ತಿಳಿಸಿರುವುದಾಗಿ ಸಹಿ ಹಾಕಬೇಕೆಂಬುದು. ಕುಟುಂಬದ ಐಕ್ಯಕ್ಕೆ ಇದು ಪೆಟ್ಟೆಂದು ನನಗೂ ಮೊದಲು ಅನ್ನಿಸಿತ್ತು. ಹೊಡೆತದ ಭಯವಿರುವವಳಿಗೆ ಕಾನೂನಿನಲ್ಲೇ ವಿನಾಯಿತಿ ಇತ್ತಲ್ಲ ಎಂದುಕೊಂಡಿದ್ದೆ. ಆದರೆ ಮಕ್ಕಳನ್ನು ಹಿಂಸಿಸುವ, ಮನಸ್ಸನ್ನು ನುಚ್ಚುನೂರು ಮಾಡುವ, ಖರ್ಚಿಗೆ ಕಾಸು ನಿಲ್ಲಿಸುವ ಗಂಡನಿಂದ ಆ ವಿನಾಯಿತಿ ರಕ್ಷಿಸುತ್ತಿರಲಿಲ್ಲವೆಂದು ನ್ಯಾಯಾಧೀಶರು ಗುರುತಿಸಿದರು. ಗರ್ಭಪಾತದ ಹಕ್ಕಿನ ವಿಷಯದಲ್ಲಿ ಅವರೊಡನೆ ನಾನು ಸಮ್ಮತಿಸಲಾರೆ. ಮನೆಯೊಳಗಿನ ಬಲವಂತವನ್ನು ಮಾತ್ರ ಅವರು ನಮಗಿಂತ ಸ್ಪಷ್ಟವಾಗಿ ಕಂಡರು. ವಧುವನ್ನು ಪ್ರತ್ಯೇಕವಾಗಿ ಕೂರಿಸಿ ಕೇಳುವ ನಾವೇ ಇದನ್ನು ಮೊದಲು ಹೇಳಬೇಕಿತ್ತು.

2022ರ ಜೂನ್ 24ರಂದು ಆ 1992ರ ತೀರ್ಪೇ ರದ್ದಾಯಿತು. ಗರ್ಭಪಾತದ ಪ್ರಶ್ನೆ ರಾಜ್ಯಗಳಿಗೆ ಮರಳಿತು. ಅದರೊಡನೆ, ಇಂತಹ ಕಲಮುಗಳನ್ನು ಬರೆಯುವ ಲೇಖನಿಯೂ.