ಸೋಲುವ ತಂಡ, ವಾದಿಸುವ ಊರು

ಸೋಲುತ್ತಿರುವ ಫುಟ್‌ಬಾಲ್ ತಂಡವೊಂದರ ಅಭಿಮಾನಿಗಳು ಇಬ್ಬರು ಒಂದೆಡೆ ಸೇರಿದರೆ ಅಲ್ಲಿ ಮೂರು ತಂಡಗಳು ತಯಾರಾಗುತ್ತವೆ. ಒಬ್ಬೊಬ್ಬರ ಮನಸ್ಸಿನಲ್ಲಿರುವ ಹನ್ನೊಂದು ಮಂದಿಯದು ಒಂದೊಂದು. ಇಬ್ಬರೂ ಸೇರಿ ಬಯ್ಯುವ, ನಿಜವಾಗಿ ಮೈದಾನಕ್ಕಿಳಿಯುವ ತಂಡ ಮೂರನೆಯದು. ಗೋಲ್‌ಕೀಪರನನ್ನು ಬದಲಿಸಬೇಕಿತ್ತೇ, ಆ ಹೊಸ ಹುಡುಗನಿಗೆ ಒಂದು ಅವಕಾಶ ಕೊಡಬಾರದಿತ್ತೇ, ಆಡದವನಿಗೆ ಇನ್ನೂ ಏಕೆ ಸಂಬಳ ಕೊಡುತ್ತಿದ್ದಾರೆ - ಈ ವಾದಕ್ಕೆ ಕೊನೆಯೆಂಬುದಿಲ್ಲ. ನಾವು ಇದನ್ನು ಸಾಮಾನ್ಯವಾಗಿ ಕಾಡುಹರಟೆ ಎಂದು ತಳ್ಳಿಹಾಕುತ್ತೇವೆ. ಅದು ಹಾಗೆ ತಳ್ಳಿಹಾಕುವಂಥದಲ್ಲ ಎಂದು ನಮಗೆ ಅನ್ನಿಸುವಂತೆ ಮಾಡಿದ ಒಂದು ಸಾಕ್ಷ್ಯಚಿತ್ರ ಮಾಲೆಯನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಚಿತ್ರವನ್ನು ನಾವು ಮೆಚ್ಚಿದ್ದೇವೆ. ಆದರೆ ಅದರ ಮೇಲೆ ನಮ್ಮದೊಂದು ದೂರೂ ಇದೆ.

ಚಿತ್ರದ ಹೆಸರು ‘ಸಂಡರ್‌ಲ್ಯಾಂಡ್ ಟಿಲ್ ಐ ಡೈ’. ಸಾಯುವ ತನಕ ಸಂಡರ್‌ಲ್ಯಾಂಡಿನವನೇ ಎಂದು ಅರ್ಥ. ನೆಟ್‌ಫ್ಲಿಕ್ಸ್‌ನಲ್ಲಿ ಇದರ ಮೊದಲ ಸರಣಿ ಎಂಟು ಕಂತುಗಳಲ್ಲಿ 2018ರ ಡಿಸೆಂಬರಿನಲ್ಲಿ ಬಂತು; ಎರಡನೆಯದು ಆರು ಕಂತುಗಳಲ್ಲಿ 2020ರಲ್ಲಿ, ಮೂರನೆಯದು ಮೂರೇ ಕಂತುಗಳಲ್ಲಿ 2024ರಲ್ಲಿ. ತಯಾರಿಸಿದವರು ‘ಫುಲ್‌ವೆಲ್ 73’ ಎಂಬ ಸಂಸ್ಥೆಯವರು. ಆ ಹೆಸರೇ ಅವರು ಯಾರ ಕಡೆಯವರೆಂದು ಹೇಳಿಬಿಡುತ್ತದೆ. ಫುಲ್‌ವೆಲ್ ಎಂಬುದು ಸಂಡರ್‌ಲ್ಯಾಂಡ್ ಕ್ಲಬ್ಬಿನ ಹಳೆಯ ಮೈದಾನದಲ್ಲಿ ಅಭಿಮಾನಿಗಳು ನಿಲ್ಲುತ್ತಿದ್ದ ಒಂದು ಪಕ್ಕ. 73 ಎಂದರೆ 1973, ಎರಡನೆಯ ದರ್ಜೆಯಲ್ಲಿದ್ದ ಈ ತಂಡ ಬಲಿಷ್ಠ ಲೀಡ್ಸ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಎಫ್.ಎ. ಕಪ್ ಗೆದ್ದ ವರ್ಷ. ಎಂದರೆ, ಮನೆಯವರೇ ತೆಗೆದ ಮನೆಯ ಚಿತ್ರ ಇದು.

ಕ್ರಿಕೆಟ್ಟಿನಲ್ಲೇ ಬೆಳೆದ ನಮ್ಮ ಓದುಗರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಇಂಗ್ಲೆಂಡಿನ ಫುಟ್‌ಬಾಲ್ ಒಂದರ ಕೆಳಗೊಂದರಂತೆ ದರ್ಜೆಗಳಿರುವ ಏಣಿ. ಎಲ್ಲಕ್ಕಿಂತ ಮೇಲೆ ಪ್ರೀಮಿಯರ್ ಲೀಗ್, 20 ತಂಡ; ಅದರ ಕೆಳಗೆ ಚಾಂಪಿಯನ್‌ಶಿಪ್, 24 ತಂಡ; ಅದರ ಕೆಳಗೆ ಲೀಗ್ ಒನ್. ಪ್ರತಿವರ್ಷ ಮೊದಲೆರಡು ದರ್ಜೆಗಳಲ್ಲಿ ತಳದ ಮೂರು ತಂಡಗಳು ಒಂದೊಂದು ಮೆಟ್ಟಿಲು ಕೆಳಗಿಳಿಯಬೇಕು. ನಮ್ಮ ಆಫೀಸಿನ ಮಾತಿನಲ್ಲಿ ಹೇಳುವುದಾದರೆ ಇದು ರಿವರ್ಷನ್, ಹಿಂಬಡ್ತಿ. ವ್ಯತ್ಯಾಸವಿಷ್ಟೇ: ನಮ್ಮಲ್ಲಿ ಒಬ್ಬನಿಗೆ ಹಿಂಬಡ್ತಿಯಾದರೆ ಅವನ ಮನೆಯವರಷ್ಟೇ ಕೊರಗುತ್ತಾರೆ, ಅಲ್ಲಿ ಊರಿಗೆ ಊರೇ ಕೊರಗುತ್ತದೆ. ಅಷ್ಟೇ ಅಲ್ಲ, ದರ್ಜೆ ಇಳಿದೊಡನೆ ದೂರದರ್ಶನದ ಹಕ್ಕುಗಳಿಂದ ಬರುವ ಹಣ ಬಹುವಾಗಿ ಇಳಿಯುತ್ತದೆ. ಆಗ ಕ್ಲಬ್ಬಿನಲ್ಲಿ ಟಿಕೆಟ್ ಕೊಡುವವರು, ಅಡಿಗೆ ಮಾಡುವವರು, ಲೆಕ್ಕ ಬರೆಯುವವರು ತಮ್ಮ ಕೆಲಸ ಉಳಿದೀತೇ ಎಂದು ಹೆದರಬೇಕಾಗುತ್ತದೆ. ಆಡುವವರು ಹನ್ನೊಂದು ಮಂದಿ, ತೆರುವವರು ಬೇರೆಯವರು.

ಸಂಡರ್‌ಲ್ಯಾಂಡ್ ಹತ್ತು ವರ್ಷ ಪ್ರೀಮಿಯರ್ ಲೀಗಿನಲ್ಲಿದ್ದು 2017ರಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದು ಕೆಳಗಿಳಿಯಿತು. ಒಂದೇ ವರ್ಷದಲ್ಲಿ ಮತ್ತೆ ಮೇಲೇರುವ ಕಥೆಯನ್ನು ಸೆರೆಹಿಡಿಯಬಹುದೆಂಬ ಆಸೆಯಿಂದ ಕ್ಯಾಮೆರಾಗಳು ಕ್ಲಬ್ಬಿನೊಳಕ್ಕೆ ಹೋದವು. ಆದದ್ದು ತದ್ವಿರುದ್ಧ. ತರಬೇತಿಯ ಹೊಣೆ ಹೊತ್ತ ಸೈಮನ್ ಗ್ರೇಸನ್ ಅವರನ್ನು ಅಕ್ಟೋಬರ್ ಕೊನೆಗೇ ತೆಗೆದುಹಾಕಿದರು. ಅವರ ಜಾಗಕ್ಕೆ ವೇಲ್ಸ್ ದೇಶದ ತಂಡವನ್ನು 2016ರ ಯೂರೋ ಪಂದ್ಯಾವಳಿಯ ಸೆಮಿಫೈನಲ್‌ವರೆಗೆ ಕೊಂಡೊಯ್ದಿದ್ದ ಕ್ರಿಸ್ ಕೋಲ್‌ಮನ್ ಬಂದರು. ಅವರಿಂದಲೂ ಆಗಲಿಲ್ಲ. 2018ರ ಏಪ್ರಿಲ್ 21ರಂದು ಸ್ವಂತ ಮೈದಾನದಲ್ಲಿ ಬರ್ಟನ್ ಎಂಬ ಸಣ್ಣ ಊರಿನ ತಂಡದ ಎದುರು ಕೊನೆಯ ಕೆಲವು ನಿಮಿಷಗಳ ತನಕ ಮುಂದಿದ್ದು ಸೋತರು. ಸಮ ಮಾಡಿದ ಗೋಲು ಹೊಡೆದವರು ಡ್ಯಾರೆನ್ ಬೆಂಟ್, ಹಿಂದೆ ಇದೇ ಸಂಡರ್‌ಲ್ಯಾಂಡಿನ ಕಣ್ಮಣಿಯಾಗಿದ್ದ ಆಟಗಾರ! ಎರಡು ವರ್ಷದಲ್ಲಿ ಎರಡು ಮೆಟ್ಟಿಲು ಇಳಿದಾಯಿತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಆ ವರ್ಷದ 46 ಪಂದ್ಯಗಳಲ್ಲಿ ಗೆಲುವು 7, ಸಮ 16, ಸೋಲು 23. ಒಟ್ಟು ಅಂಕ 37. ಕೆಳಗಿಳಿಯದೆ ಬಚಾವಾದ ಕೊನೆಯ ತಂಡ ಬೋಲ್ಟನ್. ಅದರ ಅಂಕ 43. ಗೆಲುವಿಗೆ ಮೂರು ಅಂಕ, ಸಮಕ್ಕೆ ಒಂದು. ಆದ್ದರಿಂದ ಹದಿನಾರು ಸಮಗಳಲ್ಲಿ ಮೂರೇ ಮೂರು ಗೆಲುವಾಗಿದ್ದರೆ ಇವರದೂ 43 ಆಗುತ್ತಿತ್ತು. ಗೋಲುಗಳ ಲೆಕ್ಕದಲ್ಲಿ ಇವರು ಬೋಲ್ಟನ್ನಿಗಿಂತ ಮೇಲೆಯೇ ಇದ್ದರು. ಎಂದರೆ ವರ್ಷವಿಡೀ ನಡೆದ ಆ ಮಹಾಪತನದ ಹಿಂದೆ ಸರಿಯಾದ ಹೊತ್ತಿಗೆ ಬಾರದ ಮೂರು ಗೋಲುಗಳಿದ್ದವು. ಯಾರನ್ನು ಆಡಿಸಬೇಕಿತ್ತು ಎಂಬ ಅಭಿಮಾನಿಗಳ ವಾದ ಹುಚ್ಚುವಾದವಲ್ಲ ಎನ್ನಲು ಈ ಲೆಕ್ಕವೇ ಸಾಕು. ಒಂದು ಆಯ್ಕೆ ಬೇರೆಯಾಗಿದ್ದರೆ ಒಂದು ಗೋಲು ಬರುತ್ತಿತ್ತೋ ಏನೋ. ಅಂಥ ಮೂರು ಸಾಕಿತ್ತು.

ಚಿತ್ರದ ಗುಣಗಳನ್ನು ಮೊದಲು ಹೇಳುವುದು ಧರ್ಮ. ಮೊದಲ ಕಂತು ತೆರೆಯುವುದು ಇಗರ್ಜಿಯಲ್ಲಿ. ಪಾದ್ರಿಗಳು ಊರಿಗಾಗಿಯೂ ತಂಡಕ್ಕಾಗಿಯೂ ಪ್ರಾರ್ಥನೆ ಮಾಡುತ್ತಾರೆ. ಇದನ್ನು ಹಾಸ್ಯವೆಂದು ನಗುವುದಕ್ಕೆ ಚಿತ್ರ ಅವಕಾಶ ಕೊಡುವುದಿಲ್ಲ. ಕ್ಲಬ್ಬಿನ ಅಡಿಗೆಮನೆಯ ಹೆಂಗಸು ಆಟಗಾರರನ್ನು ತನ್ನ ಮಕ್ಕಳೆಂಬಂತೆ ಕಾಣುತ್ತಾಳೆ. ಟ್ಯಾಕ್ಸಿ ಓಡಿಸುವವನು ಮಾತನಾಡುತ್ತ ಮಾತನಾಡುತ್ತ ಗಂಟಲು ಕಟ್ಟಿ ಸುಮ್ಮನಾಗುತ್ತಾನೆ. ಊರಿನ ಚರಿತ್ರೆಯೂ ತೆರೆಯ ಹಿಂದೆ ಸದಾ ಇದೆ. ಹಡಗು ಕಟ್ಟುವುದರಲ್ಲಿ ಹೆಸರಾಗಿದ್ದ ಊರದು. 1980ರ ದಶಕದ ಕೊನೆಗೆ ಆ ಕಸುಬು ಮುಗಿಯಿತು. ಕಲ್ಲಿದ್ದಲ ಗಣಿ 1993ರಲ್ಲಿ ಮುಚ್ಚಿತು. ಆ ಗಣಿ ಇದ್ದ ನೆಲದ ಮೇಲೆಯೇ 1997ರಲ್ಲಿ, ಈಗ ಸುಮಾರು 49 ಸಾವಿರ ಮಂದಿ ಕೂರುವ ಕ್ರೀಡಾಂಗಣ ಕಟ್ಟಿ ‘ಸ್ಟೇಡಿಯಂ ಆಫ್ ಲೈಟ್’ ಎಂದು ಹೆಸರಿಟ್ಟರು. ಅದರ ಹೊರಗೆ ಒಂದು ಡೇವಿ ದೀಪದ ಪ್ರತಿಮೆ ಇದೆ. ವಿಜ್ಞಾನ ಓದಿದವರಿಗೆ ನೆನಪಿರಬಹುದು: ಸರ್ ಹಂಫ್ರಿ ಡೇವಿ 1815ರಲ್ಲಿ ರೂಪಿಸಿದ, ಜ್ವಾಲೆಯ ಸುತ್ತ ತಂತಿಬಲೆ ಇರುವ ಗಣಿದೀಪ ಅದು. ಅಪ್ಪಂದಿರು ದೀಪ ಹಿಡಿದು ಇಳಿಯುತ್ತಿದ್ದ ಜಾಗಕ್ಕೆ ಮಕ್ಕಳು ಪಟ್ಟೆ ಅಂಗಿ ತೊಟ್ಟು ಬರುತ್ತಾರೆ. ಕಸುಬು ಹೋದ ಊರಿಗೆ ಒಟ್ಟಾಗಿ ಸೇರಲು ಉಳಿದದ್ದು ಇದೊಂದೇ ಜಾಗ ಎಂಬುದನ್ನು ಚಿತ್ರ ಭಾಷಣವಿಲ್ಲದೆ ಮನಗಾಣಿಸುತ್ತದೆ.

ಇನ್ನು ನಮ್ಮ ದೂರು. ಚಿತ್ರ ಈ ಜನರ ಕಣ್ಣೀರನ್ನು ತೋರಿಸಿದಷ್ಟು ಅವರ ಬುದ್ಧಿಯನ್ನು ತೋರಿಸುವುದಿಲ್ಲ. ಅಭಿಮಾನಿಗಳು ವಾದಿಸುವುದೇ ಇಲ್ಲವೆಂದಲ್ಲ. ಆದರೆ ವಾದ ಬಿಸಿಯೇರುವ ಹೊತ್ತಿಗೆ ಕತ್ತರಿ ಬೀಳುತ್ತದೆ, ಕ್ಯಾಮೆರಾ ಮುಖ್ಯಾಧಿಕಾರಿ ಮಾರ್ಟಿನ್ ಬೇನ್ ಅವರ ಕೋಣೆಗೆ ಹೋಗುತ್ತದೆ. ತೀರ್ಮಾನದ ಮಾತು ಕೋಣೆಯಲ್ಲಿ, ಅಳುವ ಮಾತು ಬೀದಿಯಲ್ಲಿ ಎಂಬ ಹಂಚಿಕೆ ನಮಗೆ ಒಪ್ಪಿಗೆಯಾಗಲಿಲ್ಲ.

ಬೀದಿಯ ವಾದದಲ್ಲಿ ಎಷ್ಟು ಹುರುಳಿತ್ತು ಎಂಬುದಕ್ಕೆ ಮೂರು ಉದಾಹರಣೆ ಕೊಡುತ್ತೇವೆ. ಮೊದಲನೆಯದು ಗೋಲ್‌ಕೀಪರನದು. ಅದೇ ಸೀಮೆಯಲ್ಲಿ ಹುಟ್ಟಿ ಕ್ಲಬ್ಬಿನಲ್ಲೇ ಬೆಳೆದ ಜೋರ್ಡನ್ ಪಿಕ್‌ಫರ್ಡ್ ಅವರನ್ನು 2017ರ ಬೇಸಿಗೆಯಲ್ಲಿ ಎವರ್ಟನ್ನಿಗೆ ಎರಡೂವರೆ ಕೋಟಿ ಪೌಂಡಿಗೆ ಮಾರಿದರು. ಸಾಲದ ಹೊರೆ ಹೊತ್ತ ಕ್ಲಬ್ಬು ಮಾರಿದ್ದನ್ನು ತಪ್ಪೆನ್ನಲಾಗದು. ಆದರೆ ಆ ಜಾಗಕ್ಕೆ ವರ್ಷವಿಡೀ ನಡೆದದ್ದು ತಾತ್ಕಾಲಿಕ ನೇಮಕ: ಸ್ಟೀಲ್, ರೌಟರ್, ಜನವರಿಯಲ್ಲಿ ಎರವಲು ತಂದ ಕ್ಯಾಂಪ್. ಯಾರಿಗೂ ಕುರ್ಚಿ ಗಟ್ಟಿಯಾಗಲಿಲ್ಲ. ಬಿಟ್ಟ ಗೋಲು 80. 2018ರ ಬೇಸಿಗೆಯಲ್ಲಿ ಪಿಕ್‌ಫರ್ಡ್ ಇಂಗ್ಲೆಂಡಿನ ಪರ ವಿಶ್ವಕಪ್ಪಿನ ಸೆಮಿಫೈನಲ್ ಆಡುತ್ತಿದ್ದಾಗ ಅವರನ್ನು ಬೆಳೆಸಿದ ಕ್ಲಬ್ಬು ಮೂರನೆಯ ದರ್ಜೆಗೆ ಸಾಮಾನು ಕಟ್ಟುತ್ತಿತ್ತು.

ಎರಡನೆಯದು ಎರವಲು ಆಟಗಾರನದು. ಬೋರ್ನ್‌ಮತ್ ಕ್ಲಬ್ಬಿನಿಂದ ಎರವಲು ತಂದ ಲೂಯಿಸ್ ಗ್ರಾಬನ್ ಅರ್ಧ ವರ್ಷದಲ್ಲಿ 12 ಗೋಲು ಹೊಡೆದರು. ಇಡೀ ವರ್ಷ ತಂಡ ಹೊಡೆದದ್ದು 52. ಜನವರಿ ಬಂದೊಡನೆ ಅವರು ಹೊರಟುಹೋದರು. ಎರವಲು ಒಡವೆ ತೊಟ್ಟು ಮದುವೆಗೆ ಹೋದವರ ಪಾಡು ಮಧ್ಯದಲ್ಲೇ ಒಡವೆ ಹಿಂದಕ್ಕೆ ಕೇಳಿದರೆ ಹೇಗಿರುತ್ತದೋ ಹಾಗಾಯಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಗದ್ದಲದ್ದು: ಜಾಕ್ ರಾಡ್‌ವೆಲ್ ಅವರ ಸಂಬಳ. ವಾರಕ್ಕೆ 70 ಸಾವಿರ ಪೌಂಡ್ ಎಂದು ಪತ್ರಿಕೆಗಳು ಬರೆದವು. ದರ್ಜೆ ಇಳಿದರೆ ಸಂಬಳವೂ ಇಳಿಯಬೇಕೆಂಬ ಷರತ್ತು ಉಳಿದವರ ಕರಾರಿನಲ್ಲಿತ್ತು, ಇವರದರಲ್ಲಿ ಇರಲಿಲ್ಲ. ಇವರು ಆಡಿದ್ದು ಬೆರಳೆಣಿಕೆಯಷ್ಟೂ ಇಲ್ಲ. ಬಿಟ್ಟುಹೋಗಿ ಎಂದರೆ ಹೋಗಲೊಲ್ಲರು. ಚಿತ್ರ ಇದನ್ನು ಕೋಣೆಯ ಕಡೆಯಿಂದಲೇ ಹೇಳುವುದರಿಂದ ರಾಡ್‌ವೆಲ್ ಒಬ್ಬ ಖಳನಾಗಿ ಕಾಣುತ್ತಾರೆ. ಅಭಿಮಾನಿಗಳೂ ಅವರನ್ನು ಬಯ್ದರು, ನಿಜ. ಆದರೆ ವರ್ಷಾನುಗಟ್ಟಲೆ ಕಡತ ನೋಡಿದ ನಮ್ಮಂಥವರಿಗೆ ಏಳುವ ಪ್ರಶ್ನೆ ಬೇರೆ. ಆದೇಶದಲ್ಲಿರುವ ಸಂಬಳ ತೆಗೆದುಕೊಂಡವನದೇನು ತಪ್ಪು? 2014ರಲ್ಲಿ ಆ ಷರತ್ತಿಲ್ಲದ ಕಾಗದವನ್ನು ಬರೆದವರು ಯಾರು, ಓದದೆಯೋ ಓದಿಯೋ ಸಹಿ ಹಾಕಿದವರು ಯಾರು? ಅವರ ಮೇಲೆ ಒಂದು ಕಂತು ಬೇಡ, ಐದು ನಿಮಿಷವಾದರೂ ಬೇಕಿತ್ತು. ಇನ್ನು ಹೊಸದಾಗಿ ಹಣ ಹಾಕಲೊಲ್ಲೆನೆಂದ ಮಾಲೀಕ ಎಲಿಸ್ ಶಾರ್ಟ್ ಅವರು ತೆರೆಯ ಮೇಲೆ ಹೆಸರಾಗಿ ಸುಳಿಯುತ್ತಾರೆಯೇ ಹೊರತು ಉತ್ತರ ಕೊಡಲು ಕೂರುವುದಿಲ್ಲ.

ಹಾಗಾದರೆ ಅಭಿಮಾನಿಗಳ ಕೈಗೇ ಆಯ್ಕೆಯನ್ನು ಕೊಟ್ಟುಬಿಡಬೇಕೇ ಎಂದು ಓದುಗರು ಕೇಳಬಹುದು. ಬೇಡ. ಅದಕ್ಕೆ ಉತ್ತರ ಎರಡನೆಯ ಸರಣಿಯಲ್ಲಿದೆ. ಹೊಸ ಮಾಲೀಕ ಸ್ಟೂವರ್ಟ್ ಡೊನಾಲ್ಡ್ ಅವರ ಸ್ವಭಾವವೇ ಒಬ್ಬ ಅಭಿಮಾನಿಯದು. 2019ರ ಜನವರಿಯಲ್ಲಿ ಲೀಗ್‌ನಲ್ಲಿ 15 ಗೋಲು ಹೊಡೆದಿದ್ದ ಹುಡುಗ ಜಾಶ್ ಮಾಜಾ ಬೋರ್ಡೋ ಕ್ಲಬ್ಬಿಗೆ ಹೋದರು. ಆಟಗಾರರನ್ನು ಕೊಳ್ಳುವ ಕೊನೆಯ ದಿನ, ಗಡಿಯಾರ ನೋಡುತ್ತ ನೋಡುತ್ತ, ಇಷ್ಟು ಬಾಳುವುದಿಲ್ಲವೆಂಬ ಸಲಹೆಯನ್ನೂ ಮೀರಿ, ಡೊನಾಲ್ಡ್ ಬೆಲೆ ಏರಿಸುತ್ತ ಹೋಗಿ ವಿಲ್ ಗ್ರಿಗ್ ಅವರನ್ನು ಸುಮಾರು 30 ಲಕ್ಷ ಪೌಂಡಿಗೆ ಕೊಂಡರು. ಕೊಟ್ಟ ಹಣಕ್ಕೆ ತಕ್ಕ ಗೋಲುಗಳು ಬರಲಿಲ್ಲ. ಈ ಪ್ರಸಂಗ ಇಡೀ ಮಾಲೆಯಲ್ಲೇ ಅತ್ಯುತ್ತಮ ಭಾಗವೆಂದು ನಮ್ಮ ಅಭಿಪ್ರಾಯ. ಹೋಟೆಲಿನ ಮೇಜಿನ ಮೇಲೆ ನಿರಪಾಯವಾಗಿರುವ ವಾದವೇ ಚೆಕ್‌ಬುಕ್ ಹಿಡಿದರೆ ಏನಾಗುತ್ತದೆಂದು ಇಲ್ಲಿ ಕಣ್ಣಾರೆ ಕಾಣಬಹುದು. ಆ ವರ್ಷ ವೆಂಬ್ಲಿಯಲ್ಲಿ ಎರಡು ಸಲ ಸೋತರು. ಚಾರ್ಲ್ಟನ್ ಎದುರಿನ ಎರಡನೆಯ ಸೋಲು ಆಟದ ಕಟ್ಟಕಡೆಯ ಗಳಿಗೆಯಲ್ಲಿ.

ಆದರೆ ಅದೇ ಮೂರನೆಯ ದರ್ಜೆಯಲ್ಲಿ, 2018ರ ಕ್ರಿಸ್ಮಸ್ ಮರುದಿನ, ಬ್ರ್ಯಾಡ್‌ಫರ್ಡ್ ಎದುರಿನ ಆಟ ನೋಡಲು ಬಂದವರು 46,039 ಮಂದಿ. ಅಭಿಮಾನಿಗೆ ಆಯ್ಕೆಯ ಅಧಿಕಾರ ಬೇಕಿಲ್ಲ. ತನ್ನ ವಾದಕ್ಕೆ ಕಿವಿಗೊಡುವವರು ಬೇಕು. ಮಾಲೀಕರು ಬರುತ್ತಾರೆ, ಹೋಗುತ್ತಾರೆ. ಆಟಗಾರರಿಗೆ ಬೇರೆ ಕ್ಲಬ್ಬಿದೆ, ತರಬೇತುದಾರರಿಗೆ ಬೇರೆ ಊರಿದೆ. ಬಿಟ್ಟುಹೋಗಲು ಬೇರೆ ಜಾಗವಿಲ್ಲದವನು ಅಭಿಮಾನಿಯೊಬ್ಬನೇ. ಆದ್ದರಿಂದ ಯಾರು ಆಡಬೇಕು ಎಂದು ವಾದಿಸುವುದು ಅವನ ಪಾಲಿಗೆ ಉಳಿದಿರುವ ಒಡೆತನ. ನಮ್ಮ ಸಂಘಗಳಲ್ಲೂ ಇದು ಅಪರಿಚಿತವಲ್ಲ. ರಾಜ್ಯೋತ್ಸವದ ನಾಟಕದಲ್ಲಿ ಯಾರಿಗೆ ಯಾವ ಪಾತ್ರ ಎಂದು ಪ್ರತಿವರ್ಷ ಜಗಳವಾಗುತ್ತದೆ. ಜಗಳ ನಿಂತ ವರ್ಷ ನಾಟಕವೂ ನಿಂತಿರುತ್ತದೆ.

ಈ ದೃಷ್ಟಿಯಿಂದ ನಮ್ಮ ಕಡೆ ತಿರುಗಿದರೆ ಮನಸ್ಸು ಪಿಚ್ಚೆನ್ನುತ್ತದೆ. ಬೆಂಗಳೂರಿನ ಎಚ್‌.ಎ.ಎಲ್. ತಂಡ 2011-12ರ ಐ-ಲೀಗಿನಲ್ಲಿ ತಳಕ್ಕೆ ಬಿದ್ದು ಕೆಳಗಿಳಿಯಿತು. ನಾವಿರುವ ಈ ಮುಂಬಯಿಯ ಮಹೀಂದ್ರ ಯುನೈಟೆಡ್ 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ತಂಡ. 2010ರಲ್ಲಿ ಬಾಗಿಲೇ ಮುಚ್ಚಿತು. ಆ ದಿನಗಳಲ್ಲಿ ನಮ್ಮಲ್ಲಿ ಎಷ್ಟು ಮಂದಿ ಲೋಕಲ್ ರೈಲಿನಲ್ಲಿ ನಿಂತು ಆ ಹುಡುಗರ ಆಯ್ಕೆಯ ಬಗ್ಗೆ ವಾದಿಸಿದ್ದೆವು? ನಮ್ಮ ಮಕ್ಕಳು ಮ್ಯಾಂಚೆಸ್ಟರ್, ಲಿವರ್‌ಪೂಲ್ ಎಂದು ಗೆಲ್ಲುವ ತಂಡಗಳ ಅಂಗಿ ತೊಡುತ್ತಾರೆ. ತೊಡಲಿ. ಆದರೆ ಆರಿಸಿಕೊಂಡ ತಂಡ ಬೇರೆ, ಹುಟ್ಟಿನಿಂದ ಅಂಟಿಕೊಂಡ ತಂಡ ಬೇರೆ. ಊರು ಬಿಟ್ಟು ಬಂದು, ಊರಿನ ಸುದ್ದಿಗೆ ಇಂದಿಗೂ ಕಿವಿ ನಿಮಿರಿಸುವ ನಮ್ಮಂಥವರಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಾದುದಲ್ಲ.

ಮೂರನೆಯ ಸರಣಿ 2022ರಲ್ಲಿ ತಂಡ ವೈಕೂಂಬ್ ತಂಡವನ್ನು ಸೋಲಿಸಿ ಒಂದು ಮೆಟ್ಟಿಲು ಏರಿದ ಕಥೆ. ಅದು ಅವಸರದಲ್ಲಿ ಮುಗಿಯುತ್ತದೆ. ಗೆಲುವನ್ನು ಹೇಳುವಾಗ ಈ ತಯಾರಕರಿಗೆ ಸೋಲನ್ನು ಹೇಳಿದಷ್ಟು ಕೈ ಓಡಿಲ್ಲ. ಚಿತ್ರ ಮುಗಿದ ಮೇಲೂ ಕಥೆ ನಡೆದಿದೆ: 2025ರ ಮೇ 24ರಂದು ಶೆಫೀಲ್ಡ್ ಯುನೈಟೆಡ್ ತಂಡವನ್ನು ಕೊನೆಯ ಗಳಿಗೆಯ ಗೋಲಿನಿಂದ ಸೋಲಿಸಿ, ಎಂಟು ವರ್ಷಗಳ ನಂತರ ಸಂಡರ್‌ಲ್ಯಾಂಡ್ ಪ್ರೀಮಿಯರ್ ಲೀಗಿಗೆ ಹಿಂತಿರುಗಿತು.

ನೋಡಬೇಕೆನ್ನುವವರಿಗೆ ಎರಡು ಸೂಚನೆ. ಆ ಸೀಮೆಯ ಇಂಗ್ಲಿಷು ನಮ್ಮ ಕಿವಿಗೆ ಬೇಗ ಹತ್ತುವುದಿಲ್ಲ. ಕೆಳಗೆ ಅಕ್ಷರ ಬರುವಂತೆ ಮಾಡಿಕೊಂಡು ನೋಡುವುದು ವಾಸಿ. ಬಯ್ಗುಳ ಧಾರಾಳವಾಗಿದೆ, ಚಿಕ್ಕ ಮಕ್ಕಳು ಮಲಗಿದ ಮೇಲೆ ನೋಡಿ. ಮೊದಲ ಸರಣಿಯನ್ನಂತೂ ಬಿಡಬೇಡಿ. ನೋಡಿದ ಮೇಲೆ ರಾಡ್‌ವೆಲ್ ತಪ್ಪಿತಸ್ಥರೋ ಅಲ್ಲವೋ ಎಂಬ ವಿಷಯದಲ್ಲಿ ನಿಮ್ಮ ಅಭಿಪ್ರಾಯ ನಮ್ಮದಕ್ಕಿಂತ ಬೇರೆಯಾಗಿದ್ದರೆ ಬರೆದು ತಿಳಿಸಿ. ವಾದಕ್ಕೆ ನಾವು ಸಿದ್ಧ.